ಸೇವೆಗೆ ಮತ್ತೆ ಹೋಗಲೇ?

ಪ್ರಶ್ನೆ: ನಮ್ಮ ಚರ್ಚಿನ ಯುವಕರೊಂದಿಗೆ ಹಾವೇರಿ ಜಿಲ್ಲೆಯ ಹಳ್ಳಿಯೊಂದಕ್ಕೆ ಆರು ದಿನಗಳ ಸೇವೆಗೆ ಹೋಗಿದ್ದೆ. ಸಿಮೆಂಟ್ ಬಾರದೆ ಎರಡು ದಿನ ಕಟ್ಟೆಯ ಮೇಲೆ ಕಳೆದೆವು. ನಾವು ಕಟ್ಟಿದ ಗೋಡೆಯನ್ನು ಊರಿನ ಗೌಂಡಿ ಕೆಡವಿ ಮತ್ತೆ ಕಟ್ಟಿದರು. ಆದರೂ ಊರವರ ಪ್ರೀತಿ ಮರೆಯಲಾಗುತ್ತಿಲ್ಲ. ಮತ್ತೆ ಹೋಗಲೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಖಂಡಿತ ಹೋಗಿರಿ, ಆದರೆ ಕರಣೆಯನ್ನು ಗೌಂಡಿಯ ಕೈಗೇ ಬಿಟ್ಟು ನೀವು ಇಟ್ಟಿಗೆ ಹೊರಿರಿ. ಕಟ್ಟೆಯ ಮೇಲೆ ಊರವರ ಮಾತು ಕೇಳುತ್ತ ಕಳೆದ ಆ ಎರಡು ದಿನಗಳನ್ನು ವ್ಯರ್ಥವೆಂದು ನಾನು ಎಣಿಸಲಾರೆ. ಕಿವಿಗೊಡುವುದೂ ಸೇವೆಯೇ: ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಿಟೆಲ್ಲರು 1853ರಲ್ಲಿ ಈ ನಾಡಿಗೆ ಬಂದವರು, ಜನರ ನುಡಿಗೆ ಕಿವಿಗೊಟ್ಟು ರಚಿಸಿದ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಮುಂದಿನ ಸಲ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಊರಿನ ಹಿರಿಯರನ್ನು ಕಂಡು ಊರಿಗೆ ಬೇಕಾದುದೇನೆಂದು ಕೇಳಿರಿ, ಸಾಮಗ್ರಿ ಇಳಿದ ಮೇಲೆಯೇ ದಿನ ಗೊತ್ತುಮಾಡಿರಿ.