ವಿಡಿಯೊ ಕರೆಯಲ್ಲೇ ನೋಟರಿ: ಕ್ರಯಪತ್ರಕ್ಕೆ ನಡೆಯುತ್ತದೆಯೇ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿರುವ ನನ್ನ ಮನೆಯನ್ನು ಮಾರುತ್ತಿದ್ದೇನೆ. ನಾನೀಗ ಕೆಲಸದ ಮೇಲೆ ಬೇರೆ ದೇಶದಲ್ಲಿದ್ದೇನೆ. ಟೆಕ್ಸಸ್‌ನ ಪರಿಚಯದ ನೋಟರಿಯೊಬ್ಬರಿಗೆ ವಾಟ್ಸ್‌ಆ್ಯಪ್ ವಿಡಿಯೊ ಕರೆ ಮಾಡಿ, ಅವರೆದುರು ಕ್ರಯಪತ್ರಕ್ಕೆ ಸಹಿ ಹಾಕಿದರೆ ಸಾಕಾ ಸರ್?

ಉತ್ತರ: ಆನ್‌ಲೈನ್‌ನಲ್ಲಿ ಖಂಡಿತ ಮಾಡಿಸಬಹುದು, ಆದರೆ ವಾಟ್ಸ್‌ಆ್ಯಪ್ ಕರೆಯಲ್ಲಿ ಆಗುವುದಿಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯ 2012ರಲ್ಲಿ ಆನ್‌ಲೈನ್ ನೋಟರಿಗೆ ದಾರಿ ತೆರೆಯಿತು. ಟೆಕ್ಸಸ್‌ನಲ್ಲಿ 2018ರ ಜುಲೈನಿಂದ ಕಾನೂನು ಜಾರಿಯಲ್ಲಿದೆ.

ನೀವು ಯಾವ ದೇಶದಲ್ಲಿದ್ದರೂ ತೊಂದರೆಯಿಲ್ಲ. ನೋಟರಿ ಮಾತ್ರ ಆ ಹೊತ್ತಿಗೆ ಟೆಕ್ಸಸ್‌ನೊಳಗೇ ಕೂತಿರಬೇಕು. ಮಾಮೂಲಿ ನೋಟರಿ ಆಗಿದ್ದರೆ ಸಾಲದು. ಆನ್‌ಲೈನ್ ನೋಟರಿಯಾಗಿ ರಾಜ್ಯದಿಂದ ಬೇರೆಯೇ ನೇಮಕ ಪಡೆದಿರಬೇಕು. ನಿಮ್ಮ ಪರಿಚಯದವರಿಗೆ ಅದಿದೆಯಾ, ಮೊದಲು ಕೇಳಿ.

ಜನ ಎಡವುವುದು ಗುರುತು ಸಾಬೀತು ಮಾಡುವಾಗ. ಪಾಸ್‌ಪೋರ್ಟನ್ನೋ ಡ್ರೈವಿಂಗ್ ಲೈಸೆನ್ಸನ್ನೋ ಕ್ಯಾಮೆರಾ ಮುಂದೆ ಸುಮ್ನೆ ಹಿಡಿದರೆ ಮುಗಿಯಲಿಲ್ಲ. ಅದು ಅಸಲಿಯೇ ಎಂದು ಸಾಫ್ಟ್‌ವೇರ್ ತಪಾಸಣೆ ಮಾಡುತ್ತದೆ. ಆಮೇಲೆ ನಿಮ್ಮ ಬಗ್ಗೆಯೇ ಪ್ರಶ್ನೆಗಳು ಬರುತ್ತವೆ. ಹಿಂದೆ ಯಾವ ಬೀದಿಯಲ್ಲಿದ್ದಿರಿ, ಕಾರಿನ ಸಾಲ ಯಾವ ಬ್ಯಾಂಕಿನದು, ಹೀಗೆ. ಸಾಮಾನ್ಯವಾಗಿ ಐದು ಪ್ರಶ್ನೆ, ಎರಡು ನಿಮಿಷ. ನಾಲ್ಕಕ್ಕಾದರೂ ಸರಿಯುತ್ತರ ಬರಬೇಕು. ಇವು ಅಮೆರಿಕದ ಸಾಲ ಮತ್ತು ವಿಳಾಸದ ದಾಖಲೆಗಳಿಂದ ಹುಟ್ಟುವ ಪ್ರಶ್ನೆಗಳು. ಅಲ್ಲಿ ಸಾಲ, ಕ್ರೆಡಿಟ್ ಕಾರ್ಡ್ ಏನೂ ಇಲ್ಲದವರಿಗೆ ಪ್ರಶ್ನೆಯೇ ಸಿದ್ಧವಾಗದೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಪ್ರಾಮಾಣಿಕರಿಗೇ ಹೀಗಾದಾಗ ನನಗೆ ಬೇಜಾರಾಗುತ್ತದೆ. ಆದರೂ ಈ ಬಿಗಿ ಬೇಕು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಕೂತು ಮನೆ ಮಾರಿಬಿಟ್ಟರೆ ಗತಿಯೇನು, ಅಲ್ವಾ? ನೋಟರಿಗೆ ನೀವು ಖುದ್ದು ಚೆನ್ನಾಗಿ ಗೊತ್ತಿದ್ದರೆ ಟೆಕ್ಸಸ್ ಕಾನೂನು ಈ ಪರೀಕ್ಷೆಗೆ ವಿನಾಯಿತಿ ಕೊಡುತ್ತದೆ.

ಇಡೀ ಮಾತುಕತೆಯ ವಿಡಿಯೊ ಮತ್ತು ಧ್ವನಿ ರೆಕಾರ್ಡ್ ಆಗಬೇಕು. ಟೆಕ್ಸಸ್‌ನಲ್ಲಿ ಅದನ್ನು ಐದು ವರ್ಷ, ಫ್ಲಾರಿಡಾದಲ್ಲಿ ಹತ್ತು ವರ್ಷ ಇಟ್ಟುಕೊಳ್ಳಬೇಕು. ಸಹಿ ಬಿದ್ದ ಮೇಲೆ ಪತ್ರದಲ್ಲಿ ಒಂದಕ್ಷರ ತಿದ್ದಿದರೂ ಗೊತ್ತಾಗುವಂತೆ ನೋಟರಿ ಡಿಜಿಟಲ್ ಸಹಿ, ಮೊಹರು ಹಾಕುತ್ತಾರೆ. ಆನ್‌ಲೈನ್ ಸೇವೆಗೆಂದು ಅವರು ಹೆಚ್ಚುವರಿಯಾಗಿ 25 ಡಾಲರ್‌ವರೆಗೆ ಪಡೆಯಬಹುದು.

ಒಂದು ಮಾತು. ಕಾನೂನು ಒಪ್ಪಿದರೂ ನಿಮ್ಮ ವ್ಯವಹಾರ ನೋಡಿಕೊಳ್ಳುವ ಟೈಟಲ್ ಕಂಪನಿ (ಆಸ್ತಿಯ ಹಕ್ಕಿನ ದಾಖಲೆ ಪರಿಶೀಲಿಸಿ ಅದಕ್ಕೆ ವಿಮೆ ಕೊಡುವ ಸಂಸ್ಥೆ) ಒಪ್ಪದಿರಬಹುದು. ಅವರ ಒಪ್ಪಿಗೆಯನ್ನು ಮೊದಲೇ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಅವರು ಬೇಡವೆಂದರೆ ನೀವಿರುವ ದೇಶದ ಅಮೆರಿಕ ದೂತಾವಾಸದಲ್ಲಿ ಕಾಗದದ ಮೇಲೆ ಸಹಿ ಹಾಕಿ ನೋಟರಿ ಮಾಡಿಸಬಹುದು. ಅದಕ್ಕೆ ಮುಂಚಿತವಾಗಿ ಸಮಯ ಕಾಯ್ದಿರಿಸಬೇಕಾಗುತ್ತದೆ, ಮೂಲ ಪತ್ರ ಕೊರಿಯರ್‌ನಲ್ಲಿ ಹೋಗಿ ತಲುಪಬೇಕು. ಆದ್ದರಿಂದ ಕ್ರಯದ ದಿನ ಗೊತ್ತುಮಾಡುವ ಮೊದಲೇ ಟೈಟಲ್ ಕಂಪನಿಯವರನ್ನು ಕೇಳಿಬಿಡಿ.