ಸಂಘದ ಹಳೇ ಕಟ್ಟಡ ರಿಪೇರಿಗೆ ಮುಂಚೆ ಪರಿಸರ ತಪಾಸಣೆ ಬೇಕಾ?

ಪರೇಲ್ ಹತ್ತಿರದ ನಿಮ್ಮ ಕನ್ನಡ ಸಂಘದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಿದೆ, ಇನ್ನು ಪರಿಸರ ತಪಾಸಣೆಗೆ ಬೇರೆ ದುಡ್ಡು ಯಾಕೆ ಅಂತ ಕೇಳಿದ್ದೀರಿ. ಮೇಲೆ ಹಳೇ ಸಿಮೆಂಟ್ ಶೀಟ್ ಇದೆ, ಕೆಳಗೆ ಬಾಲವಾಡಿ ನಡೆಯುತ್ತದೆ, ಆ ಜಾಗದಲ್ಲಿ ಮೊದಲು ಗ್ಯಾರೇಜ್ ಇತ್ತು ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಖಂಡಿತ ಮಾಡಿಸಿ. ಮುಂಬೈಯಲ್ಲಿ ನಾನು ಮಾಡುವುದು ಇದೇ ಕೆಲಸ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಡಿಟ್‌ನವರು ನೋಡುವುದು ಪಿಲ್ಲರ್, ಬೀಮ್, ಸ್ಲ್ಯಾಬ್ ಗಟ್ಟಿ ಇದೆಯಾ ಅಂತ. ಒಡೆದಾಗ ಏಳುವ ಧೂಳಲ್ಲಿ, ಹಳೇ ಬಣ್ಣದಲ್ಲಿ, ನೆಲದ ಮಣ್ಣಲ್ಲಿ ಏನಿದೆ ಅಂತ ಅವರು ನೋಡುವುದಿಲ್ಲ. ಅದನ್ನು ನೋಡುವುದೇ ಪರಿಸರ ತಪಾಸಣೆ.

ನನಗೆ ಜಾಸ್ತಿ ಚಿಂತೆ ಆ ಶೀಟಿನದು. ಹಳೇ ಸಿಮೆಂಟ್ ಶೀಟ್ ಅಂದರೆ ಸಾಮಾನ್ಯವಾಗಿ ಆಸ್ಬೆಸ್ಟಾಸ್, ಅಂದರೆ ತೀರಾ ಸಣ್ಣ ಖನಿಜ ನಾರು ಬೆರೆಸಿದ್ದು. ಅದು ಒಡೆಯದೆ ಇದ್ದಷ್ಟು ದಿನ ಅಪಾಯ ಕಡಿಮೆ. ಆದರೆ ರಿಪೇರಿಯಲ್ಲಿ ಆಗುವುದೇನು? ಹುಡುಗರು ಮೇಲೆ ಹತ್ತಿ ಸುತ್ತಿಗೆಯಲ್ಲಿ ಒಡೆದು ಕೆಳಗೆ ಬೀಳಿಸುತ್ತಾರೆ, ಆಮೇಲೆ ಪೊರಕೆ ತಗೊಂಡು ಗುಡಿಸುತ್ತಾರೆ. ಮೂಗಿಗೆ ಒಂದು ಕರ್ಚೀಫು. ಆ ಧೂಳಿನ ನಾರು ಕರ್ಚೀಫಿಗೆ ನಿಲ್ಲುವುದಿಲ್ಲ. ಅದರಿಂದ ಬರುವ ಕ್ಯಾನ್ಸರ್ ಗೊತ್ತಾಗುವುದು 20-40 ವರ್ಷ ಆದ ಮೇಲೆ. ಇಲ್ಲಿ ಇಂಥ ಕೂಲಿಗೆ ಬರುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯ ನಮ್ಮವರೇ ಎಷ್ಟೋ ಜನ ಇದ್ದಾರೆ. ಕನ್ನಡ ಸಂಘದ ಕೆಲಸದಲ್ಲೇ ಅವರಿಗೆ ಹೀಗಾಗಬಾರದು. ಮೊದಲು ಶೀಟಿನ ಚೂರೊಂದನ್ನು ಲ್ಯಾಬ್‌ಗೆ ಕಳಿಸಿ. ಆಸ್ಬೆಸ್ಟಾಸ್ ಅಂತ ಬಂದರೆ ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು. ಮಾಮೂಲಿ ಡೆಬ್ರಿಸ್ ಜೊತೆ ಟೆಂಪೋಗೆ ಹಾಕಬೇಡಿ. ಅಪಾಯಕಾರಿ ತ್ಯಾಜ್ಯದ ಘಟಕ ನವಿ ಮುಂಬೈ ಹತ್ತಿರದ ತಳೋಜಾದಲ್ಲಿದೆ, ಅಲ್ಲಿ ವಿಚಾರಿಸಿ.

ಕಿಟಕಿ, ಬಾಗಿಲಿನ ಹಳೇ ಬಣ್ಣವನ್ನೂ ನೋಡಿಸಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು, ಹೀಗೆ ಪದರಪದರವಾಗಿ ಎದ್ದಿರುತ್ತದಲ್ಲ, ಅದನ್ನು ಒಣ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿಸಬೇಡಿ. ನೆಲದಲ್ಲಿ ಕೂತು ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುವುದು ಆ ಪುಡಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಇನ್ನು ಗ್ಯಾರೇಜ್. ಹಳೇ ಸದಸ್ಯರನ್ನು, ಅಕ್ಕಪಕ್ಕದ ಚಾಳಿನ ಹಿರಿಯರನ್ನು ಕೂರಿಸಿ ಕೇಳಿ: ಎಣ್ಣೆ ಎಲ್ಲಿ ಚೆಲ್ಲುತ್ತಿದ್ದರು, ನೆಲದಡಿ ಟ್ಯಾಂಕ್ ಇತ್ತಾ? ಎಷ್ಟೋ ಸಲ ಕಾಗದಪತ್ರದಲ್ಲಿ ಇಲ್ಲದ್ದು ಅವರ ಬಾಯಲ್ಲಿ ಬರುತ್ತದೆ. ನೆಲ ಅಗೆಯದಿದ್ದರೆ ಮಣ್ಣು ಪರೀಕ್ಷೆಗೆ ಆತುರ ಬೇಡ. ಲಿಫ್ಟಿನ ಗುಂಡಿ ತೋಡಿಸುವುದಾದರೆ, ಹೊಸ ನೀರಿನ ಪೈಪ್ ಹೂಳುವುದಾದರೆ ಮಾತ್ರ ಮಾಡಿಸಲೇಬೇಕು. ಪೆಟ್ರೋಲ್ ಕುಡಿದ ಮಣ್ಣಲ್ಲಿ ಪ್ಲಾಸ್ಟಿಕ್ ಪೈಪ್ ಹಾಕಿದರೆ ಅದರ ಅಂಶ ಪೈಪ್ ದಾಟಿ ನೀರಿಗೆ ಸೇರಬಲ್ಲದು.

ಕನ್ಸಲ್ಟೆಂಟ್ ಹತ್ತಿರ ಒಂದು ವಿಷಯ ಬರೆಸಿಕೊಳ್ಳಿ. ‘ಫೇಸ್ ಒನ್’ (ಮೊದಲ ಹಂತ) ಅಂತ ಕೊಡುವ ಪರಿಸರ ತಪಾಸಣೆ ವರದಿ ಅಮೆರಿಕದ ಎಎಸ್‌ಟಿಎಂ ಅನ್ನುವ ಮಾನದಂಡ ಸಂಸ್ಥೆಯ ಪದ್ಧತಿಯದು. ಅದರಲ್ಲಿ ಹಳೇ ದಾಖಲೆ, ಜಾಗದ ಓಡಾಟ, ಮಾತುಕತೆ ಇರುತ್ತದೆ. ಮಾದರಿ ತೆಗೆದು ಪರೀಕ್ಷೆ ಮಾಡುವುದಿಲ್ಲ. ಕಟ್ಟಡದ ಆಸ್ಬೆಸ್ಟಾಸ್, ಸೀಸದ ಬಣ್ಣ ಅದರ ವ್ಯಾಪ್ತಿಗೇ ಬರುವುದಿಲ್ಲ. ಇವೆರಡನ್ನೂ ಬೇರೆಯಾಗಿ ಕೇಳದಿದ್ದರೆ ದಪ್ಪ ವರದಿ ಕೈಗೆ ಬರುತ್ತದೆ, ಬೇಕಾದದ್ದೇ ಇರುವುದಿಲ್ಲ.

ಇದೆಲ್ಲ ಟೆಂಡರ್ ಕರೆಯುವ ಮೊದಲೇ ಆಗಲಿ. ಶೀಟ್ ಇಳಿಸುವ ರೀತಿ, ಅದರ ಖರ್ಚು ಎರಡೂ ಟೆಂಡರ್‌ನಲ್ಲೇ ಇರಲಿ. ಆಮೇಲೆ ಹೇಳಿದರೆ ಕಂಟ್ರಾಕ್ಟರ್ ಎಕ್ಸ್‌ಟ್ರಾ ಅಂತಾನೆ, ಕಮಿಟಿಯವರು ಬೇಡ ಅಂತಾರೆ. ಕೆಲಸ ಮುಗಿದು ಒದ್ದೆ ಬಟ್ಟೆಯಲ್ಲಿ ಒರೆಸಿ ಶುಚಿ ಮಾಡುವವರೆಗೆ ಬಾಲವಾಡಿ ಬೇರೆ ಕಡೆ ನಡೆಯಲಿ.