ಕೆಮ್ಮಣ್ಣೂ ರಾಗಿಯ ಹಸಿರೂ

ಪ್ರಶ್ನೆ: ನಮ್ಮೂರು ಚಿಂತಾಮಣಿ ತಾಲ್ಲೂಕಿನಲ್ಲಿದೆ. ಅಂಬಾಜಿದುರ್ಗದ ಬೆಟ್ಟ ಹಿನ್ನೆಲೆಯಲ್ಲಿರುವಂತೆ ರಾಗಿ ಹೊಲವೊಂದನ್ನು ಇಂಪ್ರೆಷನಿಸ್ಟ್ ಶೈಲಿಯ (ಬಿಡಿಬಿಡಿ ಕುಂಚದ ಗೆರೆಗಳಲ್ಲಿ ಆ ಕ್ಷಣದ ಬೆಳಕನ್ನು ಹಿಡಿಯುವ ಶೈಲಿ) ತೈಲಚಿತ್ರವಾಗಿಸಲು ಮೂರು ಸಲ ಯತ್ನಿಸಿದೆ. ಪ್ರತಿ ಸಲವೂ ಬಣ್ಣಗಳು ರಾಡಿಯಾಗುತ್ತವೆ; ಕುಂಚದ ಗುರುತುಗಳನ್ನು ಹಾಗೇ ಬಿಟ್ಟರೆ ಚಿತ್ರ ಅರೆಬರೆಯಾಗಿ ಕಾಣುತ್ತದೆ. ಏನು ಮಾಡಲಿ?

ಉತ್ತರ: ರಾಡಿಯ ಮೂಲ ನಿಮ್ಮ ಸೀಮೆಯ ಬಣ್ಣಗಳಲ್ಲೇ ಇದೆ. ಕೆಂಪು ಮತ್ತು ಹಸಿರು ಪರಸ್ಪರ ಪೂರಕ ವರ್ಣಗಳು, ಅಂದರೆ ವರ್ಣಚಕ್ರದಲ್ಲಿ ಎದುರುಬದುರಾಗಿರುವ ಬಣ್ಣಗಳಾದ್ದರಿಂದ, ಕೆಮ್ಮಣ್ಣನ್ನೂ ಎಳೆ ರಾಗಿಯ ಹಸಿರನ್ನೂ ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಬೆಳಗುತ್ತದೆ, ಕಲಸಿದರೆ ಎರಡೂ ಸತ್ತು ಮಂಕಾದ ಕಂದು ಉಳಿಯುತ್ತದೆ. ಪ್ಯಾರಿಸ್ಸಿನ ನೇಯ್ಗೆ ಕಾರ್ಖಾನೆಯೊಂದರಲ್ಲಿ ನೂಲಿಗೆ ಬಣ್ಣ ಕಟ್ಟುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್, ನೆರೆಯ ಬಣ್ಣಗಳು ಹೀಗೆ ಒಂದನ್ನೊಂದು ಬದಲಿಸುವ ಬಗೆಯನ್ನು 1839ರಲ್ಲೇ ವಿವರಿಸಿದ್ದ. ರೇಷ್ಮೆಯ ಸೀಮೆಯವರಾದ ನಿಮಗೆ ಇದು ಹೊಸತೆನಿಸಲಾರದು.

ಆದ್ದರಿಂದ ಮೊದಲು ಇಡೀ ಕ್ಯಾನ್ವಾಸಿಗೆ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬಳಿದು ಒಣಗಲು ಬಿಡಿ. ಅದರ ಮೇಲೆ ಒರಟು ಕೂದಲಿನ ಚಪ್ಪಟೆ ಕುಂಚದಿಂದ ಹಸಿರನ್ನು ಬಿಡಿಬಿಡಿಯಾಗಿ ಇಡುತ್ತ ಹೋದರೆ, ಸಾಲುಗಳ ನಡುವೆ ಮಣ್ಣು ಇಣುಕುವಂತೆಯೇ ಕೆಂಪು ತಾನಾಗಿ ಇಣುಕುತ್ತದೆ. ಒಂದು ಗೆರೆ ಎಳೆದ ಮೇಲೆ ಅದನ್ನು ಮತ್ತೆ ತೀಡಬೇಡಿ. ಕುಂಚವನ್ನು ಬಟ್ಟೆಗೆ ಒರೆಸಿ ಮುಂದಿನ ಗೆರೆಗೆ ಹೋಗಿ. ಪೈರಿಗೆ ಕೆಳಗಿನಿಂದ ಮೇಲಕ್ಕೆ, ಬದುವಿಗೆ ಅಡ್ಡಲಾಗಿ, ಬಂಡೆಗೆ ಅದರ ಇಳಿಜಾರಿನ ಗುಂಟ ಕೈ ಓಡಲಿ. ಬಂಡೆಯ ಬೂದುಬಣ್ಣಕ್ಕೆ ಕಪ್ಪನ್ನು ಮುಟ್ಟದೆ ಅಲ್ಟ್ರಾಮರೀನ್ ನೀಲಿಗೆ ಅದೇ ಸಿಯೆನ್ನಾ ಬೆರೆಸಿ, ಬೇಕಾದಷ್ಟು ಬಿಳಿ ಸೇರಿಸಿ. ಬೆಳಗಿನ ಹೊತ್ತು ಕೆಮ್ಮಣ್ಣಿನ ಮೇಲೆ ಬಿದ್ದ ಹುಣಸೆಮರದ ನೆರಳು ನೇರಳೆಯಾಗಿರುವುದನ್ನು ಸುಮ್ಮನೆ ನಿಂತು ನೋಡಿ.

ಅರೆಬರೆ ಎಂಬ ದೂರು ಹಳೆಯದು. 1874ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಪ್ರದರ್ಶನದಲ್ಲಿ ಇಂಪ್ರೆಷನಿಸ್ಟ್ ಚಿತ್ರಕಾರ ಮೋನೆಯ ಸೂರ್ಯೋದಯದ ಚಿತ್ರಕ್ಕಿಂತ ಗೋಡೆಕಾಗದದ ಕರಡೇ ಹೆಚ್ಚು ಪೂರ್ಣವಾಗಿರುತ್ತದೆಂದು ವಿಮರ್ಶಕ ಲೂಯಿ ಲೆರೊಯ್ ಗೇಲಿ ಮಾಡಿದ್ದ. ಆದರೂ ನಿಮ್ಮ ಚಿತ್ರದ ದೋಷ ಬಹುಶಃ ಗುರುತುಗಳದ್ದಲ್ಲ, ನೆಳಲು-ಬೆಳಕಿನ ಅಳತೆಯದು. ಏಳೆಂಟು ಅಡಿ ಹಿಂದೆ ಸರಿದು ಕಣ್ಣನ್ನು ಅರ್ಧ ಮುಚ್ಚಿ ನೋಡಿದಾಗ ಬೆಟ್ಟ, ಹೊಲ, ಆಕಾಶ ಬೇರೆಬೇರೆಯಾಗಿ ನಿಂತರೆ ಗುರುತುಗಳು ಎಷ್ಟೇ ಒರಟಾಗಿದ್ದರೂ ಕೂಡಿಕೊಳ್ಳುತ್ತವೆ.

ಕೊಯ್ಲಾದ ಮೇಲೆ ಬಣವೆಗಳನ್ನೂ ಬರೆಯಿರಿ. ಮೋನೆ 1890–91ರಲ್ಲಿ ಬಣವೆಗಳನ್ನೇ ಮತ್ತೆ ಮತ್ತೆ ಬರೆದಾಗ, ಬೆಳಕು ಬದಲಾದಂತೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದ. ನಿಮ್ಮ ಬಯಲಿನಲ್ಲಿ ಒಂಬತ್ತು ಗಂಟೆಗೆಲ್ಲ ನೆರಳು ಕುಗ್ಗಿಬಿಡುವುದರಿಂದ, ಆ ಹೊತ್ತಿಗೆ ಕೆಲಸ ನಿಲ್ಲಿಸಿ ಮರುದಿನ ಬೆಳಿಗ್ಗೆ ಅದೇ ವೇಳೆಗೆ ಹೋಗಿ ಮುಂದುವರಿಸಿ.